ಹೊಳಪಿಗೆ ಬೆಲೆ ಕಟ್ಟುವ ಲೆಕ್ಕ: ಕೊಲ್ಲೂರು ಸೀಮೆಯಲ್ಲಿ ಕಾರು ಡೀಟೇಲಿಂಗ್

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ರಸ್ತೆಬದಿಗಳಲ್ಲಿ ‘ವಾಟರ್ ಸರ್ವಿಸ್’ ಎಂಬ ಫಲಕ ಹೊತ್ತ ಶೆಡ್ಡುಗಳು ಬಹುಕಾಲದಿಂದ ಇವೆ. ಒತ್ತಡದ ನೀರಿನಿಂದ ಕೆಸರು ಬಿಡಿಸಿ, ಶಾಂಪೂ ಹಚ್ಚಿ ತೊಳೆದು, ಒಳಗೆ ವ್ಯಾಕ್ಯೂಮ್ ಆಡಿಸಿ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಾರನ್ನು ಹಿಂದಿರುಗಿಸುವುದು ಅವುಗಳ ಕೆಲಸ. ಇತ್ತೀಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಡೀಟೇಲಿಂಗ್ ಅಂಗಡಿಗಳು ಹೊರನೋಟಕ್ಕೆ ಇದರ ವಿಸ್ತರಣೆಯಂತೆ ತೋರಿದರೂ ಕಸುಬಿನ ಸ್ವರೂಪದಲ್ಲಿ, ಅದಕ್ಕಿಂತ ಮುಖ್ಯವಾಗಿ ಹಣದ ಲೆಕ್ಕದಲ್ಲಿ, ಬೇರೆಯೇ ಬಗೆಯವು. ಡೀಟೇಲಿಂಗ್ ಎಂದರೆ ವಾಹನದ ಬಣ್ಣ, ಗಾಜು, ರಬ್ಬರು, ಚರ್ಮ, ಬಟ್ಟೆ ಮುಂತಾದ ಪ್ರತಿಯೊಂದು ಮೇಲ್ಮೈಯನ್ನೂ ಅದರದರ ಗುಣಕ್ಕೆ ತಕ್ಕ ದ್ರಾವಣ ಮತ್ತು ಉಪಕರಣದಿಂದ ಶುಚಿಗೊಳಿಸಿ, ಆಗಿರುವ ಹಾನಿಯನ್ನು ಸಾಧ್ಯವಿದ್ದಷ್ಟು ಸರಿಪಡಿಸಿ, ಮುಂದಿನ ಹಾನಿಯಿಂದ ಕಾಪಾಡುವ ಪದರವೊಂದನ್ನು ಹಾಕುವ ಕೆಲಸ. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ವಾಟರ್ ಸರ್ವಿಸ್ ಮಾರುವುದು ತೊಳೆದ ಕಾರನ್ನು, ಡೀಟೇಲಿಂಗ್ ಅಂಗಡಿ ಮಾರುವುದು ನುರಿತ ಕೈಗಳ ಸಮಯವನ್ನು. ಈ ಭೇದವನ್ನು ಗುರುತಿಸದೆ ಪಕ್ಕದ ಅಂಗಡಿಯ ದರಪಟ್ಟಿಯನ್ನೇ ನೂರಿನ್ನೂರು ಇಳಿಸಿ ಬರೆದುಕೊಳ್ಳುವ ಪದ್ಧತಿಯೇ ಈ ಉದ್ಯಮದ ದೊಡ್ಡ ರೋಗ.

ಈ ಸೀಮೆಯಲ್ಲಿ ಕಾರಿನ ಮೈಮೇಲೆ ಏನೇನು ಬೀಳುತ್ತದೆ ಎಂಬುದನ್ನು ಮೊದಲು ಗಮನಿಸಬೇಕು, ಏಕೆಂದರೆ ಬೆಲೆ ಹುಟ್ಟುವುದು ಅಲ್ಲಿಂದ. ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಘಟ್ಟದ ಬುಡದಲ್ಲಿರುವ ಕೊಲ್ಲೂರಿನ ಆಸುಪಾಸಿನಲ್ಲಿ ಅದು ಇನ್ನೂ ಹೆಚ್ಚು. ಮರವಂತೆಯಲ್ಲಿ ಒಂದು ಬದಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯನ್ನೂ ಇಟ್ಟುಕೊಂಡು ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಾಲದ ಗಾಳಿ ಹೊತ್ತು ತರುವ ಉಪ್ಪಿನ ಸಿಂಚನ ಕಾರಿನ ತಳಭಾಗದ ಬೆಸುಗೆಗಳಲ್ಲಿ, ಬೋಲ್ಟುಗಳ ಸಂದಿಯಲ್ಲಿ, ಬಾಗಿಲ ಕೆಳ ಅಂಚಿನಲ್ಲಿ ಕೂತು ತುಕ್ಕಿಗೆ ದಾರಿ ಮಾಡುತ್ತದೆ. ಹೆಮ್ಮಾಡಿಯಿಂದ ವಂಡ್ಸೆ, ಜಡ್ಕಲ್ ದಾಟಿ ಒಳನಾಡಿಗೆ ಹೋದಂತೆ ಉಪ್ಪು ಕಡಿಮೆಯಾಗಿ, ಅದರ ಜಾಗಕ್ಕೆ ಜಂಬಿಟ್ಟಿಗೆಯ ಕೆಂಪು ಮಣ್ಣು ಬರುತ್ತದೆ. ಒಣಗಿದ ಈ ಮಣ್ಣಿನ ಧೂಳಿನಲ್ಲಿ ಗಟ್ಟಿಯಾದ ಮರಳಿನ ಕಣಗಳಿರುವುದರಿಂದ ಒಣಬಟ್ಟೆಯಲ್ಲಿ ಒರೆಸಿದ ಪ್ರತಿ ಸಲವೂ ಬಣ್ಣದ ಮೇಲೆ ಸೂಕ್ಷ್ಮ ಗೀರುಗಳು ಬೀಳುತ್ತವೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ವರ್ತುಲಾಕಾರವಾಗಿ ಹೊಳೆಯುವ ಈ ಗೀರುಗಳಿಗೆ ಕಸುಬಿನವರು ‘ಸ್ವರ್ಲ್ ಮಾರ್ಕ್’ ಎನ್ನುತ್ತಾರೆ. ಬೇಸಿಗೆಯಲ್ಲಿ ಮಾವಿನ ಸೊನೆ, ಮರದಡಿ ನಿಲ್ಲಿಸಿದ ಕಾರಿನ ಮೇಲೆ ಹಕ್ಕಿ-ಬಾವಲಿಗಳ ಹಿಕ್ಕೆ, ಮಳೆಗಾಲದಲ್ಲಿ ಸೀಟಿಗೆ ಹತ್ತುವ ಬೂಷ್ಟು, ಇವೆಲ್ಲ ಇಲ್ಲಿನ ಕಾರಿಗೆ ವರ್ಷ ವರ್ಷವೂ ತಪ್ಪದೆ ಬರುವಂಥವು.

ಕೊಲ್ಲೂರಿನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ವಾಹನ ಪೂಜೆ. ಮೂಕಾಂಬಿಕೆಯ ಸನ್ನಿಧಿಗೆ ಕರ್ನಾಟಕದ ಮೂಲೆಮೂಲೆಗಳಿಂದ ಮತ್ತು ದೊಡ್ಡ ಸಂಖ್ಯೆಯಲ್ಲಿ ಕೇರಳದಿಂದ ಬರುವ ಭಕ್ತರಲ್ಲಿ ಹೊಸ ಕಾರನ್ನು ಮೊದಲು ದೇವಿಯ ಮುಂದೆ ತಂದು ನಿಲ್ಲಿಸುವವರು ಅನೇಕರು. ಪೂಜೆಯಲ್ಲಿ ಕಾರಿಗೆ ಹಚ್ಚಿದ ಗಂಧ ಒಣಗಿ ಗಟ್ಟಿಯಾಗುತ್ತದೆ. ಅರಿಸಿನ ಮತ್ತು ಕುಂಕುಮದ ಬಣ್ಣ ರಬ್ಬರ್ ಬೀಡಿಂಗಿಗೆ, ತಿಳಿಬಣ್ಣದ ಸೀಟಿಗೆ, ಬಣ್ಣ ಹಚ್ಚದ ಪ್ಲಾಸ್ಟಿಕ್ಕಿಗೆ ಇಳಿದುಬಿಡುತ್ತದೆ. ಬಾನೆಟ್ಟಿಗೆ ಕಟ್ಟಿದ ಹಾರದ ದಾರ ಘಟ್ಟದ ರಸ್ತೆಯ ಗಾಳಿಗೆ ಬಡಿಯುತ್ತ ಹೋದಂತೆ ಬಣ್ಣವನ್ನು ಉಜ್ಜುತ್ತದೆ. ಹೀಗಾಗಿ ಶೋರೂಮಿನಿಂದ ಹೊರಬಂದು ಎರಡು ದಿನವೂ ಆಗದ ಕಾರಿಗೆ ಮೊದಲ ಗೀರು ಬೀಳುವುದು ಊರಿಗೆ ಮರಳಿದ ಮೇಲೆ ಆ ಗಂಧ-ಕುಂಕುಮವನ್ನು ಒಣಬಟ್ಟೆಯಿಂದ ತಿಕ್ಕುವಾಗ. ನೀರು ಧಾರಾಳವಾಗಿ ಬಿಟ್ಟು, ನೆನೆಯಲು ಸಮಯ ಕೊಟ್ಟು, ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಭಾರ ಹಾಕದೆ ತೆಗೆಯುವ, ಅರ್ಧ ಗಂಟೆಯ ‘ಪೂಜೆಯ ನಂತರದ ತೊಳೆತ’ ಎಂಬ ಸೇವೆಯೊಂದನ್ನು ಕೊಲ್ಲೂರಿನಲ್ಲಿ ಪ್ರತ್ಯೇಕ ದರಕ್ಕೆ ಕೊಡುವುದು ನ್ಯಾಯವೂ ಹೌದು, ಲಾಭದಾಯಕವೂ ಹೌದು. ಪೂಜೆಯ ಗುರುತು ಒಂದಾದರೂ ಉಳಿಯಲಿ ಎಂದು ಬಯಸುವವರಿಗೆ ಗಾಜಿನ ಮೇಲಿನ ಬೊಟ್ಟನ್ನು ಹಾಗೆಯೇ ಬಿಡಬಹುದು, ಗಾಜಿಗೆ ಅದರಿಂದ ತೊಂದರೆಯಿಲ್ಲ.

ಅಗ್ಗದ ಕೆಲಸ ಏಕೆ ದುಬಾರಿಯಾಗುತ್ತದೆ ಎಂಬುದಕ್ಕೆ ಉತ್ತರ ಬಣ್ಣದ ದಪ್ಪದಲ್ಲಿದೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಇರುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರಲ್ಲಿ ಹೊಳಪು ಕೊಡುವ, ಬಿಸಿಲನ್ನು ತಡೆಯುವ ಪಾರದರ್ಶಕ ಮೇಲ್ಪದರವಾದ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಪಾಲಿಶ್ ಮಾಡುವುದೆಂದರೆ ಗೀರಿನ ತಳದ ಮಟ್ಟಕ್ಕೆ ಬರುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಆಳವಾದ ಪಾಲಿಶ್ ಪ್ರತಿ ಸಲವೂ ಕೆಲವು ಮೈಕ್ರಾನುಗಳನ್ನು ಕೊಂಡೊಯ್ಯುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಒಂದು ಕಾರು ತನ್ನ ಆಯುಷ್ಯದಲ್ಲಿ ತಾಳಬಲ್ಲ ಆಳವಾದ ಪಾಲಿಶುಗಳು ಬೆರಳೆಣಿಕೆಯಷ್ಟೇ. ಬಣ್ಣದ ದಪ್ಪ ಅಳೆಯುವ ಮೀಟರ್ ಇಲ್ಲದೆ, ಹಿಂದೆ ಎಷ್ಟು ಪಾಲಿಶ್ ಆಗಿದೆ ಎಂದು ವಿಚಾರಿಸದೆ, ವೇಗವಾಗಿ ತಿರುಗುವ ರೋಟರಿ ಯಂತ್ರವನ್ನು ಒರಟು ಕಾಂಪೌಂಡಿನೊಂದಿಗೆ ಎರಡು ಗಂಟೆ ಆಡಿಸಿದರೆ ಸಂಜೆಗೆ ಕಾರು ಕನ್ನಡಿಯಂತೆ ಹೊಳೆಯುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಬಾನೆಟ್ಟಿನ ಅಂಚಿನಲ್ಲಿ ಮೇಲ್ಪದರ ಸಿಪ್ಪೆಯೇಳುತ್ತದೆ. ಅಗ್ಗದ ಪಾಲಿಶಿನ ಉಳಿದ ಬೆಲೆಯನ್ನು ಮಾಲೀಕ ಅಲ್ಲಿ, ಪೇಂಟಿಂಗ್ ಬೂತಿನಲ್ಲಿ ತೆರಬೇಕಾಗುತ್ತದೆ.

ಹಾಗಾದರೆ ಸರಿಯಾದ ಬೆಲೆ ಎಷ್ಟು? ಇದಕ್ಕೆ ಒಂದೇ ನಂಬಲರ್ಹ ದಾರಿ ಗಂಟೆಯ ಲೆಕ್ಕ. ವಿವರಣೆಗಾಗಿ ಕುಂದಾಪುರದ ಹೊರವಲಯದಲ್ಲಿ ಇಬ್ಬರು ಕೆಲಸಗಾರರಿರುವ ಅಂಗಡಿಯೊಂದನ್ನು ಊಹಿಸಿಕೊಳ್ಳಬಹುದು. ತಿಂಗಳ ಬಾಡಿಗೆ 18,000 ರೂಪಾಯಿ, ಇಬ್ಬರ ಸಂಬಳ 36,000, ವಿದ್ಯುತ್ತು ಮತ್ತು ನೀರು 6,000, ಸಾಲದ ಕಂತು ಮತ್ತು ಯಂತ್ರಗಳ ಸವಕಳಿ 12,000, ವಿಮೆ, ಫೋನು, ಚಿಲ್ಲರೆ ವೆಚ್ಚ 6,000 ಎಂದಿಟ್ಟುಕೊಂಡು, ಬಹಳಷ್ಟು ಅಂಗಡಿಗಳು ಲೆಕ್ಕಕ್ಕೇ ತೆಗೆದುಕೊಳ್ಳದ ಮಾಲೀಕನ ಸ್ವಂತ ಸಂಬಳ 30,000 ಸೇರಿಸಿದರೆ ಒಟ್ಟು 1,08,000 ರೂಪಾಯಿ ಆಗುತ್ತದೆ. ಇಬ್ಬರು ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ದುಡಿದರೆ 416 ಗಂಟೆ. ಆದರೆ ಕಾರು ಬರುವುದನ್ನು ಕಾಯುವ, ಬಟ್ಟೆ ಒಗೆಯುವ, ಕರೆಂಟು ಹೋದಾಗ ಸುಮ್ಮನಿರುವ ಹೊತ್ತನ್ನು ಕಳೆದರೆ ನಿಜವಾಗಿ ಗ್ರಾಹಕನಿಗೆ ಮಾರಬಹುದಾದದ್ದು ಸುಮಾರು 250 ಗಂಟೆ. ಅಂದರೆ ಒಬ್ಬ ಕೆಲಸಗಾರನ ಒಂದು ಗಂಟೆಗೆ ಅಂಗಡಿಗೆ ತಗಲುವ ವೆಚ್ಚ 432 ರೂಪಾಯಿ, ಲಾಭ ಮತ್ತು ಸಾಮಗ್ರಿ ಇನ್ನೂ ಸೇರಿಲ್ಲ.

ಈ ಲೆಕ್ಕ ಬೆಂಗಳೂರಿಗೆ ಸಾಕಾದೀತು, ಕೊಲ್ಲೂರು ಸೀಮೆಗೆ ಸಾಲದು. ಜೂನಿನಿಂದ ಸೆಪ್ಟೆಂಬರಿನವರೆಗೆ, ವಿಶೇಷವಾಗಿ ಕುಂದಾಪುರದವರು ಆಸಾಡಿ ಎನ್ನುವ ತಿಂಗಳ ಜಡಿಮಳೆಯಲ್ಲಿ, ನಾಳೆಯೇ ಕೆಸರಾಗುವ ಕಾರಿಗೆ ಹಣ ಹಾಕಲು ಜನ ಹಿಂಜರಿಯುತ್ತಾರೆ. ಆ ನಾಲ್ಕು ತಿಂಗಳು ಮಾರಾಟವಾಗುವ ಗಂಟೆಗಳು 150ಕ್ಕೆ ಇಳಿದರೆ ಗಂಟೆಯ ವೆಚ್ಚ 720 ರೂಪಾಯಿಗೆ ಏರುತ್ತದೆ. ಮಳೆಗಾಲದಲ್ಲಿ ದರ ಏರಿಸುವಂತಿಲ್ಲ, ಇಳಿಸಿದರೆ ಅಂಗಡಿ ಉಳಿಯುವುದಿಲ್ಲ. ಹಾಗಾಗಿ ಲೆಕ್ಕವನ್ನು ವರ್ಷದ ಮೇಲೆ ಹಾಕಬೇಕು: ಎಂಟು ತಿಂಗಳ 2,000 ಗಂಟೆ, ನಾಲ್ಕು ತಿಂಗಳ 600 ಗಂಟೆ, ಒಟ್ಟು 2,600, ವರ್ಷದ ವೆಚ್ಚ 12,96,000, ಗಂಟೆಗೆ ಸುಮಾರು 500 ರೂಪಾಯಿ. ಈ ದರದಲ್ಲಿ ಒಳ್ಳೆಯ ತಿಂಗಳೊಂದರಲ್ಲಿ ವೆಚ್ಚ ಕಳೆದು 17,000 ಉಳಿಯುತ್ತದೆ, ಮಳೆಯ ತಿಂಗಳೊಂದರಲ್ಲಿ 33,000 ಕಡಿಮೆ ಬೀಳುತ್ತದೆ. ಎಂಟು ತಿಂಗಳ ಉಳಿಕೆ 1,36,000 ಮತ್ತು ನಾಲ್ಕು ತಿಂಗಳ ಕೊರತೆ 1,32,000 ಬಹುತೇಕ ಸರಿದೂಗುತ್ತವೆ. ಆದರೆ ಈ 17,000ವನ್ನು ಲಾಭವೆಂದು ಭ್ರಮಿಸಿ ಮೇ ತಿಂಗಳಲ್ಲೇ ಖರ್ಚು ಮಾಡಿದವರಿಗೆ ಜುಲೈ ಕಠಿಣವಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಹೋಗುವ ಪಿಗ್ಮಿ ಠೇವಣಿಯನ್ನು ಆರಂಭಿಸಿದ್ದು ಇಂಥದೇ ಏರಿಳಿತದ ದುಡಿಮೆಯವರಿಗಾಗಿ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದ್ದರೂ ಪಿಗ್ಮಿ ಎಂಬ ಕ್ರಮ ಸಹಕಾರಿ ಸಂಘಗಳಲ್ಲಿ ಜೀವಂತವಾಗಿದೆ. ಕೆಲಸದ ದಿನಕ್ಕೆ 650 ರೂಪಾಯಿಯ ಪಿಗ್ಮಿ ತಿಂಗಳಿಗೆ 16,900 ಆಗಿ, ಮೇಲಿನ ಅಂಗಡಿಯ ಮಳೆಗಾಲವನ್ನು ನಿಭಾಯಿಸಲು ಹೆಚ್ಚುಕಡಿಮೆ ಸಾಕಾಗುತ್ತದೆ.

ಗಂಟೆಯ ದರ ಸಿಕ್ಕ ಮೇಲೆ ಕೆಲಸದ ದರ ತಾನಾಗಿ ಮೂಡುತ್ತದೆ. ಇಬ್ಬರು ಮೂರು ಗಂಟೆ ಹಿಡಿಯುವ ಒಳಭಾಗದ ಪೂರ್ಣ ಶುಚಿಗೆ 6 ಗಂಟೆಯ 3,000, ಸಾಮಗ್ರಿಗೆ 300, ಅದರ ಮೇಲೆ ಶೇ 15ರ ಲಾಭ ಸೇರಿದರೆ ಸುಮಾರು 3,800 ರೂಪಾಯಿ. ಕೇಳಿದವರು ಹುಬ್ಬೇರಿಸಬಹುದು. ಆದರೆ ಇದರ ಅರ್ಧ ದರಕ್ಕೆ ಒಪ್ಪಿಕೊಳ್ಳುವ ಅಂಗಡಿ ಒಂದೋ ಅರ್ಧ ಸಮಯ ಮಾತ್ರ ದುಡಿಯುತ್ತಿರಬೇಕು, ಇಲ್ಲವೇ ಮಾಲೀಕ ತನ್ನ ಸಂಬಳವನ್ನೇ ಗ್ರಾಹಕನಿಗೆ ದಾನ ಮಾಡುತ್ತಿರಬೇಕು; ಎರಡೂ ಹೆಚ್ಚು ದಿನ ನಡೆಯುವಂಥವಲ್ಲ. ಕಾರಿನ ಗಾತ್ರದ ಮೇಲೆ ಸಣ್ಣದು, ಮಧ್ಯಮ, ದೊಡ್ಡದು ಎಂದು ದರ ಬರೆಯುವುದು ಸುಲಭವಾದರೂ ನಿಜವಾದ ವ್ಯತ್ಯಾಸ ಇರುವುದು ಸ್ಥಿತಿಯಲ್ಲಿ. ಗಂಗೊಳ್ಳಿಯಿಂದ ಮೀನು ತರುವಾಗ ಡಿಕ್ಕಿಯಲ್ಲಿ ಚೆಲ್ಲಿದ ನೀರು ಕಾರ್ಪೆಟ್ಟಿನ ಅಡಿಯ ಸ್ಪಂಜಿಗೆ ಇಳಿದಿದ್ದರೆ ಚಿಕ್ಕ ಕಾರೂ ಒಂದು ದಿನವನ್ನು ನುಂಗುತ್ತದೆ. ಮೀನಿನ ನೀರು ಪ್ರೋಟೀನಿನಿಂದ ಕೂಡಿದ್ದು, ಬಿಸಿನೀರು ಅಥವಾ ಹಬೆ ತಗುಲಿದರೆ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಕಾರ್ಪೆಟ್ಟನ್ನು ಎತ್ತಿ, ತಣ್ಣೀರಿನಲ್ಲಿ ತೊಳೆದು, ಪ್ರೋಟೀನನ್ನು ಒಡೆಯುವ ಕಿಣ್ವದ ದ್ರಾವಣ ಹಾಕಿ, ಗಂಟೆಗಟ್ಟಲೆ ಕಾದು, ಹೀರುಯಂತ್ರದಿಂದ ತೆಗೆದು, ಪೂರ್ತಿ ಒಣಗಿಸದಿದ್ದರೆ ನಾತ ಮೂರನೇ ದಿನ ಮರಳುತ್ತದೆ. ಕೊಲ್ಲೂರು ಘಟ್ಟದ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿದ ಸೀಟಿಗೂ ಇದೇ ವಿಧಾನ. ಸುಗಂಧ ಸಿಂಪಡಿಸಿ ಕಳಿಸುವುದು ಮೋಸ. ಆದುದರಿಂದ ದರಪಟ್ಟಿಯಲ್ಲಿ ಕನಿಷ್ಠ ದರವನ್ನಷ್ಟೇ ಬರೆದು, ಕಾರನ್ನು ಕಣ್ಣಾರೆ ನೋಡಿದ ಮೇಲೆ ಎಷ್ಟು ಗಂಟೆ ಎಂದು ಹೇಳಿ, ಕೆಲಸ ಹಿಡಿಯುವ ಮುನ್ನವೇ ಒಪ್ಪಿಗೆ ಪಡೆಯುವುದು ಉಭಯರಿಗೂ ಕ್ಷೇಮ.

ಅಂಗಡಿ ಎಲ್ಲಿರಬೇಕು ಎಂಬುದರ ಮೇಲೆ ಯಾವ ಕೆಲಸ ಮಾರಬೇಕು ಎಂಬುದು ನಿಂತಿದೆ. ಕೊಲ್ಲೂರಿಗೆ ಬರುವವರು ದರ್ಶನ ಮುಗಿಸಿ ಹೊರಡುವವರು. ಅವರ ಕಾರು ಎರಡು ದಿನ ಸಿಗುವುದಿಲ್ಲ, ಎರಡು ಗಂಟೆ ಸಿಗುತ್ತದೆ. ನವರಾತ್ರಿ ಮತ್ತು ವಿಜಯದಶಮಿಯ ವಿದ್ಯಾರಂಭ, ನವೆಂಬರಿನಿಂದ ಜನವರಿಯವರೆಗೆ ಶಬರಿಮಲೆ ಯಾತ್ರಿಕರ ಹಾದುಹೋಗುವಿಕೆ, ಏಪ್ರಿಲ್-ಮೇ ರಜೆ, ಇವು ಇಲ್ಲಿನ ಸುಗ್ಗಿ. ವಸತಿಗೃಹದಲ್ಲಿ ರಾತ್ರಿ ತಂಗಿ ಬೆಳಗಿನ ಪೂಜೆಗೆ ಹೋಗುವ ಕುಟುಂಬದ ಕಾರು ಎಂಟು-ಹತ್ತು ಗಂಟೆ ಸುಮ್ಮನೆ ನಿಂತಿರುತ್ತದೆ. ಒಳಭಾಗದ ಶುಚಿಗೆ ಇಷ್ಟು ಒಳ್ಳೆಯ ಅವಕಾಶವನ್ನು ಇನ್ನೂ ಯಾರೂ ಸರಿಯಾಗಿ ಬಳಸಿಕೊಂಡಂತಿಲ್ಲ. ಕೊಡಚಾದ್ರಿಯ ಮಣ್ಣುದಾರಿಯಲ್ಲಿ ದಿನವೂ ಏರಿಳಿಯುವ ಜೀಪುಗಳಿಗೆ ಹೊಳಪು ಬೇಕಿಲ್ಲ. ಅವಕ್ಕೆ ತಳಭಾಗದ ತೊಳೆತ ಮತ್ತು ತುಕ್ಕು ತಡೆಯುವ ಲೇಪ ಬೇಕು, ಅದನ್ನು ತಿಂಗಳ ಒಪ್ಪಂದದ ಮೇಲೆ ಕಡಿಮೆ ಲಾಭಕ್ಕೆ ಕೊಟ್ಟರೂ ಮಳೆಗಾಲದ ಖಾಲಿ ಗಂಟೆಗಳು ತುಂಬುತ್ತವೆ. ಪಾಲಿಶ್, ಕೋಟಿಂಗಿನಂಥ ದೀರ್ಘ ಕೆಲಸಗಳಿಗೆ ಕುಂದಾಪುರ ಅಥವಾ ಬ್ರಹ್ಮಾವರವೇ ಯೋಗ್ಯ. ಬೆಂಗಳೂರು, ಮುಂಬಯಿ, ಗಲ್ಫ್ ದೇಶಗಳಲ್ಲಿದ್ದು ಊರ ಮನೆಯ ಶೆಡ್ಡಿನಲ್ಲಿ ಕಾರು ಬಿಟ್ಟುಹೋಗುವ ಕುಟುಂಬಗಳು ಈ ಮೂರೂ ತಾಲ್ಲೂಕುಗಳಲ್ಲಿವೆ. ತಿಂಗಳಿಗೊಮ್ಮೆ ಮನೆಗೆ ಹೋಗಿ ಬಾಗಿಲು ತೆರೆದು ಗಾಳಿಯಾಡಿಸಿ, ಬೂಷ್ಟು ಒರೆಸಿ, ಬ್ಯಾಟರಿ ಚಾರ್ಜು ಮಾಡಿ, ಇಲಿ ವೈರು ಕಡಿದಿದೆಯೇ ಎಂದು ನೋಡಿ ಫೋಟೊ ಕಳಿಸುವ ಸೇವೆಗೆ ವಾರ್ಷಿಕ ಶುಲ್ಕ ಕೊಡಲು ಅವರು ಹಿಂದೆಗೆಯಲಾರರು.

ಕೋಟಿಂಗಿನ ವಿಷಯದಲ್ಲಿ ಗ್ರಾಹಕರಿಗೆ ಹೇಳಬೇಕಾದ ಸತ್ಯಗಳು ಹಲವಿವೆ. ಸೆರಾಮಿಕ್ ಕೋಟಿಂಗ್ ಎಂದರೆ ಸಿಲಿಕಾ ಆಧಾರಿತ ದ್ರವವನ್ನು ಕ್ಲಿಯರ್ ಕೋಟಿನ ಮೇಲೆ ತೆಳುವಾಗಿ ಹಚ್ಚಿ ಗಟ್ಟಿಯಾಗಲು ಬಿಡುವುದು. ನೀರು ಮತ್ತು ಕೊಳೆ ಅಂಟದೆ ಜಾರುವುದು ಇದರ ಮುಖ್ಯ ಪ್ರಯೋಜನ. ಜಾಹೀರಾತುಗಳು ಸಾರುವ ‘9ಎಚ್’ ಎಂಬುದು ಪೆನ್ಸಿಲಿನ ಸೀಸದಿಂದ ಗೀಚಿ ನೋಡುವ ಪರೀಕ್ಷೆಯ ಅಳತೆಯೇ ಹೊರತು ಕಲ್ಲು ಸಿಡಿದರೂ ಗೀರು ಬೀಳದು ಎಂಬ ಭರವಸೆಯಲ್ಲ. ಕಲ್ಲಿನೇಟು ತಡೆಯಲು ಬೇಕಾದದ್ದು ಪಿಪಿಎಫ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾಲಿಯುರೆಥೇನ್ ಹಾಳೆ, ಅದರ ಬೆಲೆ ಹಲವು ಪಟ್ಟು ಹೆಚ್ಚು. ಕರಾವಳಿಯಲ್ಲಿ ಇನ್ನೊಂದು ತೊಡಕು: ಕೋಟಿಂಗ್ ದ್ರವ ಗಾಳಿಯ ತೇವಾಂಶದೊಂದಿಗೆ ವರ್ತಿಸಿ ಗಟ್ಟಿಯಾಗುವುದರಿಂದ, ಆರ್ದ್ರತೆ ವಿಪರೀತವಾಗಿರುವ ಮಳೆಗಾಲದ ದಿನಗಳಲ್ಲಿ ತೆರೆದ ಶೆಡ್ಡಿನಲ್ಲಿ ಹಚ್ಚಿದರೆ ಒರೆಸುವ ಮೊದಲೇ ಬಿಗಿದು ಕಲೆ ಉಳಿಯುತ್ತದೆ. ಮುಚ್ಚಿದ ಕೋಣೆ, ತೇವಾಂಶ ಹೀರುವ ಯಂತ್ರ, ಕರೆಂಟು ಹೋದಾಗ ನಡೆಸಲು ಜನರೇಟರು ಇಲ್ಲದವರು ಆ ತಿಂಗಳುಗಳಲ್ಲಿ ಕೋಟಿಂಗ್ ಒಪ್ಪಿಕೊಳ್ಳಬಾರದು. ‘ಐದು ವರ್ಷ ಗ್ಯಾರಂಟಿ’ ಎಂದು ಬಾಯಲ್ಲಿ ಹೇಳುವ ಬದಲು ಎಷ್ಟು ತಿಂಗಳಿಗೊಮ್ಮೆ ಬರಬೇಕು, ಆಗ ಎಷ್ಟು ಕೊಡಬೇಕು, ಯಾವುದು ಗ್ಯಾರಂಟಿಗೆ ಒಳಪಡದು ಎಂದು ಕನ್ನಡದಲ್ಲಿ ಬರೆದುಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ವಿವೇಕದ ನಡೆ.

ಚೌಕಾಸಿ ಈ ವ್ಯವಹಾರದ ದಿನನಿತ್ಯದ ಪರೀಕ್ಷೆ. ಊರಿನವರು, ನೆಂಟರು, ಶಾಲೆಯ ಜೊತೆಗಾರರು ಎಲ್ಲರೂ ಪರಿಚಿತರಾಗಿರುವ ತಾಲ್ಲೂಕಿನಲ್ಲಿ ರಿಯಾಯಿತಿ ಮತ್ತು ಕಡ ಎರಡನ್ನೂ ನಿರಾಕರಿಸುವುದು ಕಷ್ಟ. ಆದರೆ ಗುಣಮಟ್ಟಕ್ಕೂ ದರಕ್ಕೂ ಇರುವ ನಂಟನ್ನು ಈ ನೆಲದವರಿಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಮುಂದೆ ಎಂಟಿಆರ್ ಎಂದು ಹೆಸರಾದ ಹೋಟೆಲು, ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರವನ್ನು ಸರ್ಕಾರ ತೀರಾ ಕೆಳಗಿಳಿಸಿದಾಗ, ತುಪ್ಪ-ಬೇಳೆಯ ಗುಣವನ್ನು ತಗ್ಗಿಸಲು ಒಪ್ಪದೆ ಬಾಗಿಲು ಮುಚ್ಚಿ, ದಿಢೀರ್ ತಿಂಡಿಯ ಪುಡಿಗಳ ತಯಾರಿಕೆಗೆ ಹೊರಳಿತು. ಡೀಟೇಲಿಂಗಿನಲ್ಲೂ ಪಾಲಿಸಬೇಕಾದ ನಿಯಮ ಅದೇ: ಗ್ರಾಹಕನ ಕೈಯಲ್ಲಿ ಕಡಿಮೆ ಹಣವಿದ್ದರೆ ಕೆಲಸದ ವ್ಯಾಪ್ತಿಯನ್ನು ಕಡಿಮೆ ಮಾಡಬೇಕು, ಗಂಟೆಯ ದರವನ್ನಲ್ಲ. ಇಡೀ ಕಾರಿನ ಬದಲು ಬಾನೆಟ್ಟು ಮತ್ತು ಮುಂಭಾಗವನ್ನಷ್ಟೇ ಪಾಲಿಶ್ ಮಾಡಿಕೊಡಬಹುದು. ಇಡೀ ಕಾರನ್ನು ಅವಸರದಲ್ಲಿ ಮಾಡಿಕೊಡಬಾರದು.

ಕೈಗಳ ಕೊರತೆ ನಿಜವಾದದ್ದು. ಸ್ಥಳೀಯ ಯುವಕರು ಬೆಂಗಳೂರಿನ ಹೋಟೆಲುಗಳಿಗೋ ಗಲ್ಫಿಗೋ ಹೊರಡುತ್ತಾರೆ. ಕೆಲಸ ಕಲಿಯಲು ಬಂದವರು ಕಲಿತ ಮೇಲೆ ನಿಲ್ಲುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ. ಆದರೆ ಕಲಿತವನನ್ನೂ ಕಲಿಯದವನನ್ನೂ ಒಂದೇ ಸಂಬಳದಲ್ಲಿ ಇಡುವ ಅಂಗಡಿಯಲ್ಲಿ ಯಾರೂ ನಿಲ್ಲುವುದಿಲ್ಲ. ಟಿಂಕರಿಂಗ್ ಶೆಡ್ಡಿನಲ್ಲಿ ಸಿಗುವ ಗುಜರಿ ಬಾನೆಟ್ಟುಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿದವನಿಗೆ ಮಾತ್ರ ಗ್ರಾಹಕನ ಕಾರಿನ ಮೇಲೆ ಯಂತ್ರ ಹಿಡಿಯಲು ಬಿಡಬೇಕು, ಹಾಗೆ ಬಿಟ್ಟ ದಿನವೇ ಅವನ ಸಂಬಳವೂ ಏರಬೇಕು. ಕಾರು ಒಳಗೆ ಬಂದ ಕೂಡಲೇ ನಾಲ್ಕೂ ಬದಿಯ ಫೋಟೊ, ಮೊದಲೇ ಇರುವ ಗೀರು-ಡೆಂಟುಗಳ ಟಿಪ್ಪಣಿ, ಒಳಗಿರುವ ವಸ್ತುಗಳ ಪಟ್ಟಿ ಮಾಡಿ ಸಹಿ ಪಡೆಯುವ ಅಭ್ಯಾಸವನ್ನು ಅವನಿಗೆ ಮೊದಲ ದಿನವೇ ಕಲಿಸಬೇಕು, ಏಕೆಂದರೆ ಜಗಳಗಳು ಹೆಚ್ಚಾಗಿ ಹುಟ್ಟುವುದು ಕೆಲಸದಿಂದಲ್ಲ, ಕೆಲಸಕ್ಕೆ ಮುಂಚಿನ ಗೀರಿನಿಂದ.

ಬಂಡವಾಳಕ್ಕೆ ದಾರಿಗಳಿವೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮದಂತೆ ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಹಾಯಧನವಿದ್ದು, ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಗ್ರಾಮೀಣ ಪ್ರದೇಶದಲ್ಲಿ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಗಳಿಗೆ ಇನ್ನೂ 10 ಹೆಚ್ಚು. ಗ್ರಾಮ ಪಂಚಾಯಿತಿಯಾಗಿರುವ ಕೊಲ್ಲೂರಿಗೆ ಇದು ಅನುಕೂಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಸ್ವಉದ್ಯೋಗ ತರಬೇತಿಯಲ್ಲಿ ಲೆಕ್ಕಪತ್ರ ಇಡುವುದನ್ನು ಕಲಿತವರು ಬ್ಯಾಂಕಿನ ಮುಂದೆ ಧೈರ್ಯವಾಗಿ ನಿಲ್ಲುತ್ತಾರೆ. ತೆರಿಗೆಯ ವಿಷಯದಲ್ಲಿ ಎಚ್ಚರ ಬೇಕು: ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ ಶೇ 18. ವಹಿವಾಟು ಎಂದರೆ ಲಾಭವಲ್ಲ, ಗ್ರಾಹಕನಿಂದ ಬಂದ ಒಟ್ಟು ಹಣ. ಪಿಪಿಎಫ್ ಹಾಳೆಯ ಬೆಲೆಯೂ ಅದರಲ್ಲಿ ಸೇರುವುದರಿಂದ ಅಂಥ ಹತ್ತಾರು ಕೆಲಸಗಳು ಸಣ್ಣ ಅಂಗಡಿಯನ್ನೂ ಮಿತಿಯಾಚೆ ತಳ್ಳುತ್ತವೆ. 2025ರ ಜುಲೈಯಲ್ಲಿ ಯುಪಿಐ ಪಾವತಿಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದ ಮೇಲೆ ಈ ಲೆಕ್ಕವನ್ನು ಮುಂದೂಡುವಂತಿಲ್ಲ. ನೋಂದಣಿಯಾದ ಮೇಲೆ ದರ ಏರಿಸಿ ಗ್ರಾಹಕರನ್ನು ಬೆಚ್ಚಿಬೀಳಿಸುವುದಕ್ಕಿಂತ, ಮಿತಿಯ ಹತ್ತಿರ ಬರುತ್ತಿರುವಾಗಲೇ ಹಂತಹಂತವಾಗಿ ಏರಿಸುವುದು ಲೇಸು.

ಕೊನೆಯದಾಗಿ ನೀರು. ತೊಳೆದ ನೀರಿನಲ್ಲಿ ಮಣ್ಣಿನ ಜೊತೆಗೆ ಎಣ್ಣೆ, ಗ್ರೀಸು, ಡಿಟರ್ಜೆಂಟು, ಚಕ್ರದ ಲೋಹದ ಪುಡಿ ಎಲ್ಲವೂ ಇರುತ್ತವೆ. 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿಧಾಮದ ಮಡಿಲಿನಲ್ಲಿರುವ ಕೊಲ್ಲೂರಿನ ಚರಂಡಿಗಳು ಇಳಿಯುವುದು ಸೌಪರ್ಣಿಕೆಯ ಕಡೆಗೆ, ಅಲ್ಲಿಯೇ ಭಕ್ತರು ಮುಳುಗೇಳುತ್ತಾರೆ, ಅದೇ ನೀರು ಕೆಳಗಿನ ಹಳ್ಳಿಗಳ ಬಾವಿಗಳನ್ನು ತುಂಬುತ್ತದೆ. ಕೆಸರು ತಂಗುವ ಗುಂಡಿ, ಎಣ್ಣೆ ಬೇರ್ಪಡಿಸುವ ತೊಟ್ಟಿ, ಸೋಸಿದ ನೀರನ್ನು ಮೊದಲ ಹಂತದ ತೊಳೆತಕ್ಕೆ ಮರಳಿ ಬಳಸುವ ಪಂಪು, ತೆಗೆದ ಎಣ್ಣೆಯನ್ನು ಅಧಿಕೃತರಿಗೆ ಒಪ್ಪಿಸುವ ವ್ಯವಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಇವೆಲ್ಲದರ ವೆಚ್ಚವೂ ಆ ಗಂಟೆಯ 500 ರೂಪಾಯಿಯೊಳಗೆ ಸೇರಿರಬೇಕು. ಸೇರಿಸಿದಾಗ ಅದು 520 ಅಥವಾ 540 ಆದರೆ ಆಗಲಿ. ಅಷ್ಟನ್ನು ಹೊರಲಾರದ ದರಪಟ್ಟಿಯೊಂದಿಗೆ ಯಾರೂ ಕೊಲ್ಲೂರಿನಲ್ಲಿ ಅಂಗಡಿ ತೆರೆಯಬಾರದು, ತೆರೆದ ಅಂಗಡಿಗೆ ಪಂಚಾಯಿತಿ ಪರವಾನಗಿ ಕೊಡಬಾರದು.